ಟೈಲ್ಸ್‌ಗಿಂತ ಮುಂಚೆ ಗೋಡೆ: ಲಂಡನ್ ಮನೆಗಳ ಬಚ್ಚಲು ಕೆಲಸ

ಬಚ್ಚಲುಮನೆಯ ಟೈಲ್ಸ್ ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಟೈಲಿನೊಳಗೆ ನೀರು ಇಳಿಯದಿದ್ದರೂ ಎರಡು ಟೈಲುಗಳ ನಡುವಿನ ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ತೇವವನ್ನು ಸ್ವಲ್ಪಸ್ವಲ್ಪವಾಗಿ ಹೀರುತ್ತಲೇ ಇರುತ್ತದೆ. ಆ ತೇವ ಹಿಂದಿನ ಗೋಡೆಯನ್ನು ಮುಟ್ಟಿದಾಗ ಏನಾಗುತ್ತದೆ ಎಂಬುದರ ಮೇಲೆ ಇಡೀ ಕೆಲಸದ ಆಯುಸ್ಸು ನಿಂತಿದೆ. ಕರ್ನಾಟಕದ ಇಟ್ಟಿಗೆ, ಕಾಂಕ್ರೀಟಿನ ಮನೆಯಲ್ಲಿ ಸಿಮೆಂಟ್ ಗಿಲಾವು ತೇವವನ್ನು ಎಷ್ಟೋ ಕಾಲ ತಾಳಿಕೊಳ್ಳುತ್ತದೆ. ಗ್ರೇಟರ್ ಲಂಡನ್ನಿನ ಮನೆಗಳಲ್ಲಿ ಒಳಗೋಡೆ ಸಾಮಾನ್ಯವಾಗಿ ಜಿಪ್ಸಮ್, ಮಹಡಿಯ ನೆಲ ಸಾಮಾನ್ಯವಾಗಿ ಮರ. ಎರಡಕ್ಕೂ ನೀರು ಆಗದು. ಹೀಗಾಗಿ ಅಲ್ಲಿ ಟೈಲ್ಸ್ ಕೆಲಸದ ಮುಖ್ಯ ಭಾಗ ಮುಗಿಯುವುದು ಮೊದಲ ಟೈಲು ಕೂರುವ ಮುಂಚೆಯೇ. ಕೆಲಸಗಾರರನ್ನು ಆರಿಸುವಾಗಲೂ ನೋಡಬೇಕಾದದ್ದು ಆ ಭಾಗವನ್ನು ಅವರು ಹೇಗೆ ಮಾಡುತ್ತಾರೆ ಎಂಬುದನ್ನು.

ಮನೆ ಯಾವ ಕಾಲದ್ದು

ಗೋಡೆ ಎಂಥದ್ದು ಎಂದು ತಿಳಿಯಲು ಮನೆಯ ವಯಸ್ಸು ಮೊದಲ ಸುಳಿವು. ವಾಲ್ಥಮ್‌ಸ್ಟೋ, ಟೂಟಿಂಗ್, ಹ್ಯಾಕ್ನಿಯಂಥ ಕಡೆ ಉದ್ದಕ್ಕೂ ಕಾಣುವ ವಿಕ್ಟೋರಿಯಾ ಮತ್ತು ಎಡ್ವರ್ಡ್ ಕಾಲದ ಸಾಲುಮನೆಗಳಲ್ಲಿ ಹೊರಗೋಡೆ ಇಟ್ಟಿಗೆಯದು. ಒಳಗಿನ ಅಡ್ಡಗೋಡೆಗಳಲ್ಲಿ ಮರದ ಚೌಕಟ್ಟಿಗೆ ತೆಳ್ಳನೆಯ ಪಟ್ಟಿಗಳನ್ನು ಹೊಡೆದು, ಮೇಲೆ ಸುಣ್ಣದ ಗಾರೆ ಬಳಿದಿರುತ್ತಾರೆ. ಇಂಥ ಎಷ್ಟೋ ಮನೆಗಳಲ್ಲಿ ಕಟ್ಟಿದ ಕಾಲಕ್ಕೆ ಬಚ್ಚಲೇ ಇರಲಿಲ್ಲ. ಮಲಗುವ ಕೋಣೆಯೊಂದನ್ನೋ ಹಿಂಭಾಗದ ವಿಸ್ತರಣೆಯನ್ನೋ ಆಮೇಲೆ ಬಚ್ಚಲು ಮಾಡಿದರು. ಹ್ಯಾರೋ, ವೆಂಬ್ಲಿ, ಬೆಕ್ಸ್‌ಲಿ ಕಡೆಯ 1930ರ ದಶಕದ ಜೋಡಿಮನೆಗಳಲ್ಲಿ ಬಚ್ಚಲು ಮಹಡಿಯ ಮೇಲಿದ್ದು, ನೆಲ ಮರದ ತೊಲೆ ಮತ್ತು ಹಲಗೆಯದು. ಎರಡನೇ ಮಹಾಯುದ್ಧದ ನಂತರ ಕೌನ್ಸಿಲ್‌ಗಳು ಕಟ್ಟಿಸಿದ ಬಹುಮಹಡಿ ಫ್ಲಾಟುಗಳಲ್ಲಿ ಕಾಂಕ್ರೀಟ್ ನೆಲ ಸಾಮಾನ್ಯ. ಇತ್ತೀಚಿನ ಗೋಪುರಗಳಲ್ಲಿ ಕಾಂಕ್ರೀಟ್ ನೆಲದ ಮೇಲೆ ತಗಡಿನ ಚೌಕಟ್ಟು ನಿಲ್ಲಿಸಿ ಪ್ಲಾಸ್ಟರ್‌ಬೋರ್ಡ್ ಹೊಡೆದಿರುತ್ತಾರೆ.

ಬಳಕೆಯ ರೀತಿಯಲ್ಲೂ ಒಂದು ವ್ಯತ್ಯಾಸವಿದೆ. ಕರ್ನಾಟಕದ ಬಚ್ಚಲಿನ ನೆಲಕ್ಕೆ ನೀರಿನ ಓಟ ಕೊಟ್ಟು, ಮೂಲೆಯಲ್ಲಿ ಜಾಲರಿ ಇಟ್ಟಿರುತ್ತಾರೆ. ಬಕೆಟ್ಟು, ಚೊಂಬು ಹಿಡಿದು ಎಲ್ಲಿ ನಿಂತು ಮಿಂದರೂ ನೀರು ಹರಿದುಹೋಗುತ್ತದೆ. ಲಂಡನ್ನಿನ ಸಾಮಾನ್ಯ ಬಚ್ಚಲಿನ ನೆಲಕ್ಕೆ ಓಟವೂ ಇಲ್ಲ, ಜಾಲರಿಯೂ ಇಲ್ಲ. ನೀರು ಬೀಳಬೇಕಾದದ್ದು ಬಾತ್ ತೊಟ್ಟಿಯಲ್ಲಿ ಇಲ್ಲವೇ ಶವರ್ ತಟ್ಟೆಯಲ್ಲಿ ಮಾತ್ರ. ಬಕೆಟ್ ಸ್ನಾನ ಬಿಡಲಾರದ ಹಿರಿಯರಿರುವ ಕನ್ನಡ ಕುಟುಂಬ, ಕೆಲಸ ಶುರುವಾಗುವ ಮುಂಚೆಯೇ ಇದನ್ನು ತೀರ್ಮಾನಿಸಬೇಕು. ಒಂದೋ ನೆಲದ ಮೇಲೆ ನೀರು ಚೆಲ್ಲದ ವ್ಯವಸ್ಥೆಗೆ ಒಗ್ಗಿಕೊಳ್ಳಬೇಕು, ಇಲ್ಲವೇ ಇಡೀ ಕೋಣೆಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ನೆಲಕ್ಕೆ ಇಳಿಜಾರು ಮತ್ತು ಜಾಲರಿ ಇಡಿಸಬೇಕು. ಈ ಎರಡನೆಯದಕ್ಕೆ ಅಲ್ಲಿ ವೆಟ್ ರೂಮ್ ಎನ್ನುತ್ತಾರೆ. ಅದರ ಖರ್ಚು ಹೆಚ್ಚು, ತಪ್ಪಾದರೆ ನಷ್ಟವೂ ಹೆಚ್ಚು.

ಅನುಮತಿಗಳು

ಸ್ವಂತ ಮನೆಯಲ್ಲಿ ಹಳೆಯ ಟೈಲ್ಸ್ ತೆಗೆದು ಹೊಸದು ಹಾಕಿಸಲು ಕೌನ್ಸಿಲ್‌ನ ಒಪ್ಪಿಗೆ ಸಾಮಾನ್ಯವಾಗಿ ಬೇಕಿಲ್ಲ. ದೀರ್ಘಾವಧಿ ಗುತ್ತಿಗೆಯ ಮೇಲೆ ಪಡೆದ ಲೀಸ್‌ಹೋಲ್ಡ್ ಫ್ಲಾಟಿನ ಕಥೆ ಬೇರೆ. ಕೊಳವೆ, ಗೋಡೆ, ನೆಲಗಳನ್ನು ಬದಲಿಸಲು ಕಟ್ಟಡದ ಒಡೆಯರ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತು ಹಲವು ಲೀಸ್ ಪತ್ರಗಳಲ್ಲಿರುತ್ತದೆ. ಸದ್ದು ಕೆಳಮನೆಗೆ ಕೇಳಿಸುತ್ತದೆಂದು ಗಟ್ಟಿ ನೆಲಹಾಸಿಗೆ ನಿರ್ಬಂಧ ಹೇರುವ ಪತ್ರಗಳೂ ಇವೆ. ಆದ್ದರಿಂದ ಟೈಲ್ಸ್ ಆರಿಸುವ ಮುಂಚೆ ಲೀಸ್ ಓದಬೇಕು.

ಶವರ್ ಮತ್ತು ಬಾತ್ ತೊಟ್ಟಿಯ ಸುತ್ತಲಿನ ನಿಗದಿತ ವಲಯದೊಳಗೆ ವಿದ್ಯುತ್ ತಂತಿ ಬದಲಿಸುವುದು, ಟೈಲ್ಸ್ ಅಡಿಯ ಕಾವಿಗಾಗಿ ಹೊಸ ಸರ್ಕ್ಯೂಟ್ ಎಳೆಯುವುದು ಇಂಗ್ಲೆಂಡಿನ ಕಟ್ಟಡ ನಿಯಮಗಳ ‘ಪಿ’ ಭಾಗಕ್ಕೆ ಒಳಪಡುತ್ತವೆ. ಎನ್‌ಐಸಿಇಐಸಿ, ನ್ಯಾಪಿಟ್‌ನಂಥ ಸಂಸ್ಥೆಗಳಲ್ಲಿ ನೋಂದಾಯಿತರಾದ ಎಲೆಕ್ಟ್ರಿಷಿಯನ್ ಮಾಡಿದರೆ ಪ್ರಮಾಣಪತ್ರ ಅವರೇ ಒದಗಿಸುತ್ತಾರೆ. ಮನೆ ಮಾರುವಾಗ ಈ ಪತ್ರವನ್ನು ಕೇಳುವುದುಂಟು.

ಕೆಲಸದ ಹೊತ್ತಿಗೂ ಮಿತಿಯಿದೆ. ಲಂಡನ್ನಿನ ಹಲವು ಬರೋಗಳಲ್ಲಿ, ಅಂದರೆ ಕೌನ್ಸಿಲ್ ಆಡಳಿತದ ಪ್ರದೇಶಗಳಲ್ಲಿ, ಸದ್ದಿನ ಕೆಲಸಕ್ಕೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 8ರಿಂದ ಸಂಜೆ 6, ಶನಿವಾರ 8ರಿಂದ ಮಧ್ಯಾಹ್ನ 1 ಮಾತ್ರ ಅವಕಾಶ. ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಂದು ಇಲ್ಲ. ಕಸದ ಸ್ಕಿಪ್ ಡಬ್ಬಿಯನ್ನು ರಸ್ತೆಯ ಮೇಲೆ ಇರಿಸಲು ಕೌನ್ಸಿಲ್‌ನ ಪರವಾನಗಿ ಬೇಕು.

ಕೆಲಸಗಾರರನ್ನು ಹುಡುಕುವುದು

ಬ್ರಿಟನ್ನಿನಲ್ಲಿ ಟೈಲ್ಸ್ ಕೆಲಸಕ್ಕೆ ಸರ್ಕಾರದ ಕಡ್ಡಾಯ ಲೈಸೆನ್ಸ್ ಇಲ್ಲ. ಯಾರು ಬೇಕಾದರೂ ತಮ್ಮನ್ನು ಟೈಲ್ಸ್ ಕೆಲಸಗಾರರೆಂದು ಕರೆದುಕೊಳ್ಳಬಹುದು. ಹೀಗಾಗಿ ಪರೀಕ್ಷಿಸುವ ಹೊಣೆ ಮನೆಯವರದೇ. ಗೋಡೆ ಮತ್ತು ನೆಲದ ಟೈಲ್ಸ್ ಕೆಲಸದಲ್ಲಿ ಎನ್‌ವಿಕ್ಯೂ ಎರಡನೇ ಹಂತದ ಅರ್ಹತೆ, ‘ಟೈಲ್ ಅಸೋಸಿಯೇಷನ್’ ಎಂಬ ವೃತ್ತಿಸಂಘದ ಸದಸ್ಯತ್ವ, ಸರ್ಕಾರದ ಮನ್ನಣೆಯುಳ್ಳ ‘ಟ್ರಸ್ಟ್‌ಮಾರ್ಕ್’ ನೋಂದಣಿ ಒಳ್ಳೆಯ ಗುರುತುಗಳು. ಇವಿಲ್ಲದ ನುರಿತ ಕೈಗಳೂ ಊರಲ್ಲಿ ಬೇಕಾದಷ್ಟಿವೆ. ಪರಿಚಿತರ ಮನೆಯಲ್ಲಿ ಎರಡು ಮೂರು ವರ್ಷದ ಹಿಂದೆ ಮಾಡಿದ ಕೆಲಸವನ್ನು ಹೋಗಿ ನೋಡುವುದು ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ನಿನ್ನೆ ಮುಗಿದ ಬಚ್ಚಲು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಹಿಂದೆ ತೇವ ಸೇರಿದೆಯೇ ಎಂದು ತೋರಲು ಒಂದೆರಡು ಚಳಿಗಾಲ ಕಳೆಯಬೇಕು.

ಮನೆಗೆ ಬಂದಾಗ ಅವರು ಕೇಳುವ ಪ್ರಶ್ನೆಗಳನ್ನೇ ಗಮನಿಸಬೇಕು. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವವರು, ರಸಮಟ್ಟ ಹಿಡಿಯುವವರು, ನೆಲದ ಮೇಲೆ ನಿಂತು ಅದು ಕುಲುಕುತ್ತದೆಯೇ ಎಂದು ಪರೀಕ್ಷಿಸುವವರು, ಟೈಲು ಎಷ್ಟು ದೊಡ್ಡದು, ಎಷ್ಟು ಭಾರ ಎಂದು ವಿಚಾರಿಸುವವರು ಕೆಲಸ ಬಲ್ಲವರು. ಅಳತೆ ಮಾತ್ರ ಹಿಡಿದು ಚದರ ಮೀಟರಿಗೆ ಇಷ್ಟು ಎಂದು ಹೇಳಿ ಹೊರಡುವವರು ಗೋಡೆ ಸಿದ್ಧಪಡಿಸುವ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದರ್ಥ. ಮೂರನೆಯವರ ಆಸ್ತಿಗೆ ಆಗುವ ಹಾನಿಗೆ ವಿಮೆ ಇದೆಯೇ ಎಂಬುದನ್ನು ಪತ್ರ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಕೆಳಮನೆಯ ಸೀಲಿಂಗಿನಿಂದ ನೀರು ತೊಟ್ಟಿಕ್ಕಿದಾಗ ಬೇಕಾಗುವುದು ಅದೇ.

ಬೆಲೆ ಮತ್ತು ಕರಾರು

ಕನಿಷ್ಠ ಮೂವರಿಂದ ಬರಹದಲ್ಲಿ ಬೆಲೆ ಪಡೆಯುವುದು ವಾಡಿಕೆ. ಎಸ್ಟಿಮೇಟ್ ಎಂದರೆ ಅಂದಾಜು, ಅದು ಏರಬಹುದು. ಒಪ್ಪಿಕೊಂಡ ಕೊಟೇಷನ್ ನಿಗದಿತ ಬೆಲೆ, ಕೆಲಸದ ವ್ಯಾಪ್ತಿ ಬದಲಾಗದಿದ್ದರೆ ಅದೂ ಬದಲಾಗಕೂಡದು. ಹಳೆಯ ಟೈಲ್ಸ್ ಕೀಳುವುದು, ಕಸ ಸಾಗಿಸುವುದು, ಗೋಡೆ ಮಟ್ಟ ಮಾಡುವುದು, ಬೋರ್ಡ್ ಹೊಡೆಯುವುದು, ವಾಟರ್‌ಪ್ರೂಫಿಂಗ್, ಅಂಟು, ಗ್ರೌಟ್, ಸಿಲಿಕೋನ್, ಅಂಚಿನ ಪಟ್ಟಿ ಇವುಗಳಲ್ಲಿ ಯಾವುದು ಯಾರ ಖರ್ಚು ಎಂದು ಕೊಟೇಷನ್‌ನಲ್ಲಿ ಬಿಡಿಬಿಡಿಯಾಗಿ ಬರೆದಿರಬೇಕು. ಮೂರು ಬೆಲೆಗಳಲ್ಲಿ ಒಂದು ತೀರ ಕಡಿಮೆಯಿದ್ದರೆ ಈ ಪಟ್ಟಿಯಲ್ಲಿ ಯಾವುದೋ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.

ವ್ಯಾಟ್ ಸೇರಿದೆಯೇ ಎಂದೂ ಕೇಳಬೇಕು. 2024ರ ಏಪ್ರಿಲ್‌ನಿಂದ ವಾರ್ಷಿಕ ವಹಿವಾಟು 90,000 ಪೌಂಡ್ ಮೀರಿದವರು ವ್ಯಾಟ್ ನೋಂದಣಿ ಮಾಡಿಸಬೇಕು. ಅಂಥವರ ಬಿಲ್ಲಿಗೆ ಶೇ. 20 ಸೇರುತ್ತದೆ, ಒಬ್ಬರೇ ದುಡಿಯುವ ಸಣ್ಣ ಕೆಲಸಗಾರರಿಗೆ ಇದು ಅನ್ವಯಿಸದಿರಬಹುದು. ಲಂಡನ್ನಿಗೇ ವಿಶಿಷ್ಟವಾದ ಖರ್ಚುಗಳೂ ಇವೆ. ಹೊಗೆ ಮಿತಿಯನ್ನು ಪಾಲಿಸದ ಹಳೆಯ ವ್ಯಾನುಗಳಿಗೆ ದಿನಕ್ಕೆ 12.50 ಪೌಂಡ್ ವಿಧಿಸುವ ಯುಲೆಜ್ ವಲಯ 2023ರ ಆಗಸ್ಟ್ 29ರಿಂದ ಎಲ್ಲ ಬರೋಗಳಿಗೂ ವಿಸ್ತರಿಸಿದೆ. ವಾಹನ ನಿಲ್ಲಿಸಲು ಸಂದರ್ಶಕರ ಪರ್ಮಿಟ್ ಯಾರು ಕೊಳ್ಳಬೇಕು ಎಂಬುದೂ ಮೊದಲೇ ಇತ್ಯರ್ಥವಾಗಬೇಕು.

ಮುಂಗಡ ಸಾಮಗ್ರಿಯ ಖರ್ಚಿಗೆ ಸಾಕಾಗುವಷ್ಟಿದ್ದರೆ ಸರಿ. ಉಳಿದದ್ದನ್ನು ಹಂತಹಂತವಾಗಿ ಕೊಡಬೇಕು, ಕೊನೆಯ ಕಂತನ್ನು ಕೆಲಸ ಪರೀಕ್ಷಿಸಿದ ಮೇಲೆಯೇ ಕೊಡಬೇಕು. ರಸೀದಿ ಇಲ್ಲದ ನಗದಿನಲ್ಲಿ ಸ್ವಲ್ಪ ಉಳಿತಾಯವಾದರೂ ತಕರಾರು ಬಂದಾಗ ಕೈಯಲ್ಲಿ ಸಾಕ್ಷಿ ಇರುವುದಿಲ್ಲ.

ಯಾರ ನಂತರ ಯಾರು

ಮೊದಲು ಹಳೆಯದನ್ನು ಕಳಚುವುದು. ಆಮೇಲೆ ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಗೋಡೆಯೊಳಗಿನ ಕೊಳವೆ, ತಂತಿ ಎಳೆಯುತ್ತಾರೆ. ಕೊಳವೆಗಳಿಗೆ ನೀರಿನ ಒತ್ತಡ ಕೊಟ್ಟು, ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಗೋಡೆ ಮುಚ್ಚಬೇಕು. ನಂತರ ಬೋರ್ಡ್, ಬಾತ್ ತೊಟ್ಟಿ ಅಥವಾ ಶವರ್ ತಟ್ಟೆ, ವಾಟರ್‌ಪ್ರೂಫಿಂಗ್, ಟೈಲ್ಸ್, ಗ್ರೌಟ್. ಕೊನೆಗೆ ನಲ್ಲಿ, ಬೇಸಿನ್, ಗಾಜಿನ ಬಾಗಿಲು. ತೊಟ್ಟಿಯನ್ನು ಮೊದಲು ಕೂರಿಸಿ ಟೈಲ್ಸ್ ಅದರ ಅಂಚಿನ ಮೇಲೆ ಬಂದು ಕೂತರೆ, ಗೋಡೆಯಿಂದ ಇಳಿದ ನೀರು ತೊಟ್ಟಿಯೊಳಗೇ ಬೀಳುತ್ತದೆ.

ಕಳಚುವ ಮುಂಚಿನ ಎಚ್ಚರ

ಬ್ರಿಟನ್ನಿನಲ್ಲಿ ಕಲ್ನಾರಿನ ಪೂರ್ಣ ನಿಷೇಧ ಬಂದದ್ದು 1999ರಲ್ಲಿ. 2000ಕ್ಕಿಂತ ಮುಂಚೆ ಕಟ್ಟಿದ ಅಥವಾ ದುರಸ್ತಿಯಾದ ಮನೆಯಲ್ಲಿ ಬಾತ್ ತೊಟ್ಟಿಯ ಪಕ್ಕದ ಹಲಗೆ, ಕೊಳವೆ ಮುಚ್ಚಿದ ಪೆಟ್ಟಿಗೆ, ಸೀಲಿಂಗಿನ ಉಬ್ಬುಚಿತ್ತಾರದ ಲೇಪ, ಹಳೆಯ ಪ್ಲಾಸ್ಟಿಕ್ ನೆಲಬಿಲ್ಲೆ ಮತ್ತು ಅದರ ಕರಿಯ ಅಂಟು ಇವುಗಳಲ್ಲಿ ಕಲ್ನಾರು ಇರಬಹುದು. ಕಣ್ಣಿಂದ ನೋಡಿ ಹೇಳಲಾಗದು. ಅನುಮಾನ ಬಂದರೆ ಒಡೆಯದೆ, ಕೆರೆಯದೆ, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ತುಣುಕನ್ನು ಪರೀಕ್ಷೆ ಮಾಡಿಸಬೇಕು. ಟೈಲ್ಸನ್ನು ನೀರು ಹಾಯಿಸದೆ ಕೊಯ್ಯುವಾಗ ಏಳುವ ಸಿಲಿಕಾ ದೂಳು ಕೂಡ ಪುಪ್ಪುಸಕ್ಕೆ ಕೆಟ್ಟದ್ದು. ನೀರು ಹಾಯಿಸುವ ಕಟರ್ ಬಳಸುವುದು ಕ್ಷೇಮ.

ಕಸವನ್ನು ಒಯ್ಯುವವರಿಗೆ ಎನ್ವಿರಾನ್‌ಮೆಂಟ್ ಏಜೆನ್ಸಿಯ ನೋಂದಣಿ ಇರಬೇಕು. ಅದು ಯಾವುದೋ ಬೀದಿಯಲ್ಲಿ ಬಿದ್ದಿರುವುದು ಪತ್ತೆಯಾದರೆ, ವಿಚಾರಿಸದೆ ಕೊಟ್ಟ ಮನೆಯವರಿಗೂ ದಂಡ ಬೀಳಬಹುದು.

ಗೋಡೆ

ಟೈಲ್ಸ್ ಹೊರುವ ಗೋಡೆ ಗಟ್ಟಿಯಾಗಿರಬೇಕು, ಒಣಗಿರಬೇಕು, ಮಟ್ಟವಾಗಿರಬೇಕು, ದೂಳು ಮತ್ತು ಬಣ್ಣದಿಂದ ಮುಕ್ತವಾಗಿರಬೇಕು. ಎರಡು ಮೀಟರ್ ಉದ್ದದ ಮಟ್ಟಗೋಲು ಇಟ್ಟಾಗ ಅದರಡಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಅಂಟಿನ ದಪ್ಪ ಹೆಚ್ಚಿಸಿ ತಗ್ಗು ತುಂಬುವುದು ತಪ್ಪು ದಾರಿ. ಮೊದಲು ಗೋಡೆಯನ್ನೇ ಸರಿಮಾಡಬೇಕು. ಟೈಲು ದೊಡ್ಡದಾದಷ್ಟೂ ಗೋಡೆಯ ಸೊಟ್ಟ ಎದ್ದು ಕಾಣುತ್ತದೆ.

ಭಾರದ ಲೆಕ್ಕ ಇಲ್ಲಿ ಬಹಳ ಮುಖ್ಯ. ಜಿಪ್ಸಮ್ ಪ್ಲಾಸ್ಟರ್ ಬಳಿದ ಗೋಡೆ ಚದರ ಮೀಟರಿಗೆ 20 ಕೆ.ಜಿ. ಮಾತ್ರ ತಾಳುತ್ತದೆ ಎಂಬುದು ಅಲ್ಲಿನ ಮಾರ್ಗಸೂಚಿ. ಪ್ಲಾಸ್ಟರ್ ಬಳಿಯದ ಬರಿಯ ಪ್ಲಾಸ್ಟರ್‌ಬೋರ್ಡ್ 32 ಕೆ.ಜಿ.ವರೆಗೆ ತಾಳುತ್ತದೆ. ಈ ಮಿತಿಯಲ್ಲಿ ಟೈಲಿನ ಜೊತೆಗೆ ಅಂಟು, ಗ್ರೌಟ್ ಕೂಡ ಸೇರಿವೆ. 10 ಮಿ.ಮೀ. ದಪ್ಪದ ಪೋರ್ಸಲೇನ್ ಟೈಲ್ಸ್ ಮಾತ್ರವೇ ಚದರ ಮೀಟರಿಗೆ ಸುಮಾರು 22 ಕೆ.ಜಿ. ತೂಗುವುದರಿಂದ ಪ್ಲಾಸ್ಟರ್ ಬಳಿದ ಗೋಡೆಗೆ ಅದು ಸಲ್ಲದು. ನಯವಾಗಿ ಗಿಲಾವು ಮಾಡಿಸಿದರೆ ಟೈಲ್ಸ್ ಚೆನ್ನಾಗಿ ಕೂರುತ್ತದೆ ಎಂಬ ನಮ್ಮ ಕಡೆಯ ತಿಳಿವಳಿಕೆ ಇಲ್ಲಿ ತಿರುವುಮುರುವು. ಟೈಲ್ಸ್ ಬರುವ ಹೊಸ ಬೋರ್ಡಿನ ಮೇಲೆ ಪ್ಲಾಸ್ಟರ್ ಬಳಿಸಿದರೆ ಖರ್ಚೂ ಹೆಚ್ಚು, ಬಲವೂ ಕಡಿಮೆ. ಹಳೆಯ ಟೈಲ್ಸ್ ಮೇಲೆಯೇ ಹೊಸದನ್ನು ಅಂಟಿಸಿದರೆ ಎರಡು ಪದರಗಳ ಭಾರವೂ ಗೋಡೆಯ ಮೇಲೆಯೇ ಬೀಳುತ್ತದೆ.

ಹಾಗೆಯೇ ಉಳಿಸಿಕೊಳ್ಳುವ ಪ್ಲಾಸ್ಟರ್ ಹೊಸದಾಗಿದ್ದರೆ ಕನಿಷ್ಠ ನಾಲ್ಕು ವಾರ ಒಣಗಬೇಕು. ಜಿಪ್ಸಮ್ಮಿಗೂ ಸಿಮೆಂಟ್ ಅಂಟಿಗೂ ನೇರ ಸಂಪರ್ಕವಾದರೆ ತೇವದಲ್ಲಿ ಎಟ್ರಿಂಗೈಟ್ ಎಂಬ ಹರಳುಗಳು ಬೆಳೆದು, ಅಂಟನ್ನು ಗೋಡೆಯಿಂದ ಮೆಲ್ಲಗೆ ಎಬ್ಬಿಸುತ್ತವೆ. ಇದನ್ನು ತಡೆಯಲು ನಡುವೆ ಅಕ್ರಿಲಿಕ್ ಪ್ರೈಮರ್ ಬಳಿಯಬೇಕು. ಅಗ್ಗದ ಪಿವಿಎ ಅಂಟನ್ನು ನೀರಿಗೆ ಬೆರೆಸಿ ಪ್ರೈಮರಿನಂತೆ ಬಳಿಯುವ ಹಳೆಯ ರೂಢಿ ಇನ್ನೂ ಇದೆ. ಪಿವಿಎ ತೇವ ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಯಾವ ಪ್ರೈಮರ್ ಬಳಸುತ್ತೀರಿ ಎಂಬ ಒಂದು ಪ್ರಶ್ನೆಯಿಂದಲೇ ಕೆಲಸಗಾರರ ಅರಿವು ತಿಳಿದುಬಿಡುತ್ತದೆ.

ಶವರ್ ಸುತ್ತ ಪ್ಲಾಸ್ಟರನ್ನು ಪೂರ್ತಿ ತೆಗೆದು ಸಿಮೆಂಟ್ ಬೋರ್ಡ್ ಅಥವಾ ನೀರು ಹೀರದ ಫೋಮ್ ಬೋರ್ಡ್ ಹೊಡೆಸುವುದು ಎಲ್ಲಕ್ಕಿಂತ ಭದ್ರ. ಹಳೆಯ ಸುಣ್ಣದ ಗಾರೆಯನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದರ ಮೇಲೆ ಟೈಲ್ಸ್ ಕೂರಿಸುವಂತಿಲ್ಲ.

ನೆಲ

ಮರದ ನೆಲ ಕಾಲಿಟ್ಟಾಗ ಬಾಗುತ್ತದೆ, ಟೈಲ್ಸ್ ಬಾಗುವುದಿಲ್ಲ. ಬಿರುಕು ಹುಟ್ಟುವುದು ಈ ಎಳೆದಾಟದಲ್ಲಿ. ಹಲಗೆ ಎಬ್ಬಿಸಿ ತೊಲೆಗಳು ಕೊಳೆತಿಲ್ಲವೇ, ಹಿಂದಿನ ಪ್ಲಂಬರ್ ಕೊಳವೆಗಾಗಿ ಅತಿಯಾಗಿ ಕೊರೆದಿಲ್ಲವೇ ಎಂದು ನೋಡಬೇಕು. ಬೇಕಾದ ಕಡೆ ತೊಲೆಗಳ ನಡುವೆ ಅಡ್ಡಪಟ್ಟಿ ಕೊಟ್ಟು ಬಿಗಿಮಾಡಬೇಕು. ಆಮೇಲೆ ಸಿಮೆಂಟ್ ಬೋರ್ಡನ್ನೋ 15 ಮಿ.ಮೀ. ಅಥವಾ ಅದಕ್ಕೂ ದಪ್ಪದ ಪ್ಲೈವುಡ್ಡನ್ನೋ ಮೊಳೆಯಿಂದಲ್ಲ, ಸ್ಕ್ರೂಗಳಿಂದ ಒತ್ತೊತ್ತಾಗಿ ಬಿಗಿಯಬೇಕು. ಚಿಪ್‌ಬೋರ್ಡ್ ನೆಲ ನೀರು ಕುಡಿದರೆ ಉಬ್ಬುತ್ತದೆ. ನೆಲದ ಚಲನೆ ಟೈಲಿಗೆ ತಲುಪದಂತೆ ನಡುವೆ ಹಾಸುವ ವಿಶೇಷ ಚಾಪೆಗಳೂ ಸಿಗುತ್ತವೆ. ಇವೆಲ್ಲ ಸೇರಿದಾಗ ನೆಲ ಒಂದೆರಡು ಅಂಗುಲ ಏರಬಹುದು. ಬಾಗಿಲ ಬಳಿ ಎಡವದಂತೆ ಮೊದಲೇ ಲೆಕ್ಕ ಹಾಕಬೇಕು.

ಕಾಂಕ್ರೀಟ್ ನೆಲದಲ್ಲಿ ತೇವವನ್ನೂ ಮಟ್ಟವನ್ನೂ ನೋಡಿದರೆ ಸಾಕು. ಕಾಂಕ್ರೀಟಿನ ಮೇಲೆ ಮಟ್ಟಕ್ಕಾಗಿ ಹಾಸುವ ಹೊಸ ಸಿಮೆಂಟ್ ಸ್ಕ್ರೀಡ್ 50 ಮಿ.ಮೀ. ದಪ್ಪದವರೆಗೆ ದಿನಕ್ಕೆ ಸುಮಾರು 1 ಮಿ.ಮೀ. ಒಣಗುತ್ತದೆ ಎಂಬುದು ರೂಢಿಯ ಲೆಕ್ಕ. ವೆಟ್ ರೂಮಿನಲ್ಲಿ ಜಾಲರಿಯ ಕಡೆಗೆ ಮೀಟರಿಗೆ 12ರಿಂದ 20 ಮಿ.ಮೀ. ಇಳಿಜಾರು ಬೇಕು. ಈ ಓಟವನ್ನು ಅಡಿಯ ನೆಲಕ್ಕೇ ಕೊಡಬೇಕು, ಅಂಟಿನಲ್ಲಿ ಸರಿದೂಗಿಸಬಾರದು.

ವಾಟರ್‌ಪ್ರೂಫಿಂಗ್

ಒಳಾಂಗಣ ಗೋಡೆಯ ಟೈಲ್ಸ್ ಕೆಲಸದ ಬ್ರಿಟಿಷ್ ಮಾನದಂಡ ಬಿಎಸ್ 5385ರ ಮೊದಲ ಭಾಗ 2018ರಲ್ಲಿ ಪರಿಷ್ಕೃತವಾಯಿತು. ಶವರ್‌ನಂಥ ನೀರು ಬೀಳುವ ಜಾಗಗಳಲ್ಲಿ ಜಿಪ್ಸಮ್, ಮರಗಳಂಥ ನೀರು ತಾಳದ ಹಿನ್ನೆಲೆಯನ್ನು ಜಲನಿರೋಧಕ ಪದರದಿಂದ ಕಾಪಾಡಬೇಕೆಂಬುದು ಅದರ ಸಲಹೆ. ಕೆಲಸಗಾರರು ಇದಕ್ಕೆ ಟ್ಯಾಂಕಿಂಗ್ ಎನ್ನುತ್ತಾರೆ. ಮೂಲೆಗಳಿಗೆ, ಬೋರ್ಡುಗಳ ಸಂದಿಗೆ, ಕೊಳವೆ ಹೊರಬರುವ ತೂತುಗಳಿಗೆ ಮೊದಲು ಬಟ್ಟೆಪಟ್ಟಿ ಅಂಟಿಸಿ, ಮೇಲೆ ದ್ರವಲೇಪವನ್ನು ಎರಡು ಕೈ ಬಳಿಯುತ್ತಾರೆ. ಮೊದಲ ಕೈ ಒಣಗಿದ ಮೇಲೆಯೇ ಎರಡನೆಯದು. ಲೇಪದ ಬದಲು ಹಾಳೆಯಂತೆ ಅಂಟಿಸುವ ಪದರವೂ ಇದೆ. ಮರುದಿನ ಟೈಲ್ಸ್ ಮರೆಗೆ ಹೋಗುವ ಈ ಹಂತದ ಫೋಟೊ ತೆಗೆದಿಟ್ಟುಕೊಳ್ಳುವುದು ಮನೆಯವರಿಗೂ ಕೆಲಸಗಾರರಿಗೂ ಒಳ್ಳೆಯದು.

ಅಂಟು ಮತ್ತು ಸಂದು

ಅಂಟಿನ ಚೀಲದ ಮೇಲಿನ ಸಂಕೇತಗಳು ಯುರೋಪಿನ ಇಎನ್ 12004 ಮಾನದಂಡದವು. ಸಿ1 ಸಾಮಾನ್ಯ ಸಿಮೆಂಟ್ ಅಂಟು, ಸಿ2 ಹೆಚ್ಚು ಬಲದ್ದು. ಟಿ ಎಂದರೆ ಗೋಡೆಯಲ್ಲಿ ಜಾರದ್ದು, ಎಫ್ ಬೇಗ ಬಿಗಿಯುವುದು, ಎಸ್1 ಮತ್ತು ಎಸ್2 ಸ್ವಲ್ಪ ಬಾಗಬಲ್ಲವು. ಮರದ ನೆಲಕ್ಕೆ ಸಿ2 ಎಸ್1 ಸಾಮಾನ್ಯ ಆಯ್ಕೆ. ಪೋರ್ಸಲೇನ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಆದ್ದರಿಂದ ಒಣಗಿಯೇ ಬಿಗಿಯಬೇಕಾದ ಡಬ್ಬಿಯ ರೆಡಿ ಅಂಟು ಅದರ ಹಿಂದೆ ಹಸಿಯಾಗಿಯೇ ಉಳಿಯುತ್ತದೆ. ಟೈಲಿನ ಬೆನ್ನಿಗೆ ಐದು ಕಡೆ ಉಂಡೆಯಂತೆ ಅಂಟು ಮೆತ್ತಿ ಒತ್ತುವುದೂ ತಪ್ಪು, ಆ ಟೊಳ್ಳುಗಳಲ್ಲಿ ನೀರು ನಿಲ್ಲುತ್ತದೆ. ಹಲ್ಲುಕರಣೆಯಿಂದ ಗೋಡೆಗೆ ಗೀರುಗೀರಾಗಿ ಬಳಿದು, ದೊಡ್ಡ ಟೈಲಿನ ಬೆನ್ನಿಗೂ ತೆಳುವಾಗಿ ಸವರಿ ಕೂರಿಸಬೇಕು.

ಟೈಲ್ಸ್ ಕೊಳ್ಳುವಾಗ ಕೊಯ್ತಕ್ಕೆಂದು ಶೇ. 10ರಷ್ಟು ಹೆಚ್ಚು ತರಬೇಕು, ಓರೆಯಾಗಿ ಜೋಡಿಸುವುದಾದರೆ ಇನ್ನೂ ಹೆಚ್ಚು. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇರಬೇಕು. ಬಣ್ಣ ಆರಿಸುವಾಗ ನೆನಪಿಡಬೇಕು, ಲಂಡನ್ನಿನ ನೀರು ಗಡಸು. ಹೊಳೆಯುವ ಕಪ್ಪು ಟೈಲಿನ ಮೇಲೆ ಸುಣ್ಣದ ಬಿಳಿ ಕಲೆ ವಾರದಲ್ಲೇ ಕಾಣುತ್ತದೆ.

ಗೋಡೆಯ ಸಂದು ಕನಿಷ್ಠ 2 ಮಿ.ಮೀ., ನೆಲದಲ್ಲಿ 3 ಮಿ.ಮೀ. ಇರಬೇಕು. ಗೋಡೆ ಗೋಡೆಯನ್ನು, ಗೋಡೆ ನೆಲವನ್ನು, ಟೈಲ್ಸ್ ತೊಟ್ಟಿಯನ್ನು ಕೂಡುವ ಕಡೆಗಳಲ್ಲಿ ಗ್ರೌಟ್ ಅಲ್ಲ, ಸಿಲಿಕೋನ್ ತುಂಬಬೇಕು. ಅಲ್ಲಿ ಸದಾ ಸಣ್ಣ ಚಲನೆ ಇರುತ್ತದೆ. ಬಾತ್ ತೊಟ್ಟಿಗೆ ನೀರು ತುಂಬಿಸಿ, ಅದು ಭಾರಕ್ಕೆ ಇಳಿದಿರುವಾಗಲೇ ಸಿಲಿಕೋನ್ ಎಳೆದು ಒಣಗಲು ಬಿಟ್ಟರೆ ಮುಂದೆ ಅಂಚು ಬಿಡುವುದಿಲ್ಲ.

ಪರೀಕ್ಷೆ ಮತ್ತು ಪರಿಹಾರ

ಕೊನೆಯ ಕಂತು ಕೊಡುವ ಮುಂಚೆ ಪ್ರತಿ ಟೈಲನ್ನೂ ಬೆರಳಿನಿಂದ ತಟ್ಟಿ ಟೊಳ್ಳು ಸದ್ದಿದೆಯೇ ನೋಡಬೇಕು. ಓರೆ ಬೆಳಕಿನಲ್ಲಿ ಅಂಚುಗಳ ಏರುತಗ್ಗನ್ನು, ಜಾಲರಿಯತ್ತ ನೀರು ಹರಿಯುವುದನ್ನು, ಸಿಲಿಕೋನ್ ಎಲ್ಲಿಯೂ ತುಂಡಾಗಿಲ್ಲ ಎಂಬುದನ್ನು ಪರೀಕ್ಷಿಸಬೇಕು.

ದೋಷ ಕಂಡರೆ ಮೊದಲು ಬರಹದಲ್ಲಿ ತಿಳಿಸಿ, ಸರಿಪಡಿಸಲು ಅವಕಾಶ ಕೊಡಬೇಕು. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಕೆಲಸವನ್ನು ತಕ್ಕ ಎಚ್ಚರ ಮತ್ತು ಕೌಶಲದಿಂದ ಮಾಡಿರಬೇಕು. ಇಲ್ಲವಾದರೆ ಮತ್ತೆ ಮಾಡಿಸಿಕೊಳ್ಳುವ, ಅದೂ ಆಗದಿದ್ದರೆ ಬೆಲೆ ಇಳಿಸಿಕೊಳ್ಳುವ ಹಕ್ಕು ಮನೆಯವರಿಗಿದೆ. 100 ಪೌಂಡ್ ಮೀರಿದ, 30,000 ಪೌಂಡ್ ಮೀರದ ಬೆಲೆಯ ಕೆಲಸಕ್ಕೆ ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ವಿಧಿಯಂತೆ ಕಾರ್ಡ್ ಸಂಸ್ಥೆಯನ್ನೂ ಹೊಣೆ ಮಾಡಬಹುದು. ಮಾತುಕತೆ ಫಲಿಸದಿದ್ದರೆ 10,000 ಪೌಂಡ್‌ವರೆಗಿನ ತಕರಾರು ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಗುತ್ತದೆ, ವಕೀಲರು ಬೇಕೇಬೇಕೆಂದಿಲ್ಲ. ಅಲ್ಲಿ ನಿಲ್ಲುವುದು ಕಾಗದಪತ್ರ. ಕೊಟೇಷನ್, ರಸೀದಿ, ಟ್ಯಾಂಕಿಂಗ್‌ನ ಫೋಟೊ, ವಿದ್ಯುತ್ ಪ್ರಮಾಣಪತ್ರ, ಟೈಲ್ಸ್ ಬ್ಯಾಚ್ ಮತ್ತು ಗ್ರೌಟ್ ಬಣ್ಣದ ಸಂಖ್ಯೆ ಇವನ್ನು ಒಂದೇ ಕಡೆ ಇಟ್ಟು, ಉಳಿದ ನಾಲ್ಕಾರು ಟೈಲುಗಳನ್ನೂ ಎತ್ತಿಡಬೇಕು. ಮುಂದೆ ಕೊಳವೆ ಸೋರಿ ಒಂದು ಟೈಲು ಒಡೆಯಬೇಕಾಗಿ ಬಂದರೆ, ಅದೇ ಬಣ್ಣ, ಅದೇ ಅಳತೆಯದು ಅಂಗಡಿಯಲ್ಲಿ ಸಿಗುವ ಭರವಸೆ ಇರುವುದಿಲ್ಲ.